ಹೆಸರು ಹೋಗಿ ಪ್ರಶ್ನೆಚಿಹ್ನೆ ಬಂದ ಕತೆ

2023ರ ಜೂನ್ ತಿಂಗಳು. ಶಾಲೆ ಸುರುವಾಗಿ ಎರಡು ವಾರ ಆಗಿತ್ತಷ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬರು ಅಜ್ಜಿ ಜಡಿಮಳೆಯಲ್ಲಿ ಕೊಡೆ ಹಿಡಿದುಕೊಂಡು ನಮ್ಮ ಶಾಲೆಯ ಜಗಲಿಗೆ ಬಂದರು. ಕೊಡೆಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಎರಡು ಕಾಗದ ತೆಗೆದರು. ಎರಡರಲ್ಲೂ ಅವರ ಹೆಸರು ಒಂದೇ, ಹುಟ್ಟಿದ ಇಸವಿ ಮಾತ್ರ ಬೇರೆ ಬೇರೆ. ಶಾಲೆಯ ದಾಖಲೆ ತಂದರೆ ಸರಿಮಾಡಿ ಕೊಡುತ್ತೇವೆ ಎಂದು ಒಂದು ಆಫೀಸಿನವರು ಹೇಳಿ ಕಳಿಸಿದ್ದರಂತೆ.

"ಮಾಷ್ಟ್ರೇ, ನಾನು ಕಲಿತದ್ದು ಈ ಶಾಲೆಯಲ್ಲೇ. ಐದನೇ ಕ್ಲಾಸಿನವರೆಗೆ. ನಿಮ್ಮ ಪುಸ್ತಕದಲ್ಲಿ ನನ್ನ ಹುಟ್ಟಿದ ತಾರೀಕು ಉಂಟಲ್ಲ, ಅದೊಂದು ಬರೆದು ಕೊಡಿ" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾಕೆಂದರೆ ಆ ಪುಸ್ತಕದ ವಿಷಯ ನಮಗೆ ಗೊತ್ತಿತ್ತು.

ನಾವು ಅಂದರೆ ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಮೂವರು. ಒಬ್ಬರು ಕನ್ನಡದವರು, ಒಬ್ಬರು ಗಣಿತದ ಟೀಚರ್, ಇನ್ನೊಬ್ಬರು ಹೊಸದಾಗಿ ಸೇರಿದ ಹುಡುಗ. ಪ್ರಾಯ ಸಣ್ಣದು ಎಂಬ ಒಂದೇ ತಪ್ಪಿಗೆ ಕಂಪ್ಯೂಟರಿನ ಕೆಲಸವೆಲ್ಲ ಅವನ ತಲೆಗೆ. ಈ ಬರಹ ನಮ್ಮ ಮೂವರದ್ದೂ ಹೌದು. ಇದರಲ್ಲಿ ಬರುವ ತಪ್ಪುಗಳೂ ನಮ್ಮವೇ.

ನಮ್ಮ ಶಾಲೆಯ ಹಳೆಯ ಅಡ್ಮಿಶನ್ ರಿಜಿಸ್ಟರುಗಳನ್ನು ನೋಡಿದರೆ ನಮ್ಮ ಊರಿನ ಚರಿತ್ರೆಯೇ ಕಾಣುತ್ತದೆ. 1956ರ ಅಕ್ಟೋಬರ್ 31ರವರೆಗೆ ನಾವು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಅದರ ಮರುದಿನದ ಪುಟದಲ್ಲಿ ಅದೇ ಮಾಷ್ಟ್ರ ಅದೇ ಕೈಬರಹ, ಅದೇ ಮಸಿ. ಆದರೆ ರಾಜ್ಯ ಕೇರಳ. ಒಳಗೆ ಮಕ್ಕಳ ಹೆಸರುಗಳು ಕನ್ನಡದಲ್ಲೇ ಮುಂದುವರಿದವು. ಕೆಲವು ಪುಟಗಳಲ್ಲಿ ಮನೆಯ ಹೆಸರು ಮಾತ್ರ ಮಲಯಾಳದಲ್ಲಿ. ಷರಾ ಬರೆಯುವ ಕಾಲಮಿನಲ್ಲಿ ಇಂಗ್ಲಿಷು. ಒಂದೇ ಸಾಲಿನಲ್ಲಿ ಮೂರು ಲಿಪಿ. ಕೈಯಲ್ಲಿ ಬರೆಯುವವರಿಗೆ ಅದೇನೂ ಕಷ್ಟವಲ್ಲ. ಕಾಗದ ಯಾವ ಲಿಪಿಯನ್ನೂ ಬೇಡ ಎನ್ನುವುದಿಲ್ಲ. ಕಷ್ಟ ಸುರುವಾದದ್ದು ಅದನ್ನು ಕಂಪ್ಯೂಟರಿಗೆ ಹಾಕಲು ಹೊರಟಾಗ.

2006ರಲ್ಲಿ ನಮ್ಮ ಶಾಲೆಯ ಒಬ್ಬ ಹಿರಿಯ ಮಾಷ್ಟ್ರು ನಿವೃತ್ತರಾಗುವ ಮೊದಲು ಹಳೆಯ ರಿಜಿಸ್ಟರುಗಳನ್ನೆಲ್ಲ ಕೂತು ಟೈಪ್ ಮಾಡಿದ್ದರು. ಮನೆಯ ಕಂಪ್ಯೂಟರಿನಲ್ಲಿ, ನುಡಿ ತಂತ್ರಾಂಶದಲ್ಲಿ, ರಾತ್ರಿ ರಾತ್ರಿ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. "ಗೆದ್ದಲು ತಿನ್ನುವ ಮೊದಲು ಒಂದು ನಕಲು ಇರಲಿ" ಎಂದಿದ್ದರು. ಅವರ ಮಾತು ಸುಳ್ಳಾಗಲಿಲ್ಲ. 2018ರ ಮಳೆಗಾಲದಲ್ಲಿ ಕಪಾಟಿನ ಹಿಂದಿನ ಗೋಡೆ ಸೋರಿ, ಮೊದಲು ನೀರು, ಆಮೇಲೆ ಗೆದ್ದಲು ಬಂದು, 1950ರ ಮತ್ತು 60ರ ದಶಕದ ಪುಸ್ತಕ ಇಟ್ಟಿಗೆಯ ಹಾಗೆ ಅಂಟಿಕೊಂಡಿತು. ಹಾಳೆ ಬಿಡಿಸಲು ಹೋದರೆ ಪುಡಿ. ಬಟ್ಟೆಯಲ್ಲಿ ಕಟ್ಟಿ ಮೇಲಿನ ಅಟ್ಟಕ್ಕೆ ಇಟ್ಟೆವು. ಟೈಪ್ ಮಾಡಿದ್ದು ಉಂಟಲ್ಲ ಎಂಬ ಧೈರ್ಯ.

ಅಜ್ಜಿಯನ್ನು ಕೂರಿಸಿ, ಚಾ ಕೊಟ್ಟು, ಆ ಫೈಲನ್ನು ತೆರೆದೆವು. ಕ್ರಮಸಂಖ್ಯೆ ಇತ್ತು. ಸೇರಿದ ತಾರೀಕು ಇತ್ತು. ಹುಟ್ಟಿದ ತಾರೀಕು ಇತ್ತು. ಹೆಸರಿನ ಜಾಗದಲ್ಲಿ ಮಾತ್ರ ಉದ್ದಕ್ಕೂ "?????", "???????", "????". ತಂದೆಯ ಹೆಸರೂ ಹಾಗೆಯೇ. ಒಂದು ಸಾಲಲ್ಲ, ಎರಡು ಸಾಲಲ್ಲ, ಇಡೀ ಪುಸ್ತಕ. ಒಂದು ಶಾಲೆ ತುಂಬ ಮಕ್ಕಳು ಸಾಲಾಗಿ ನಿಂತು "ನಾನ್ಯಾರು?" ಎಂದು ಕೇಳಿದ ಹಾಗೆ.

ಹೇಗೆ ಹೀಗಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 2014ರಲ್ಲಿ ಶಾಲೆಯ ದಾಖಲೆಗಳನ್ನು ಡೇಟಾಬೇಸಿಗೆ ಹಾಕೋಣ ಎಂಬ ಉತ್ಸಾಹ ಬಂತು. ಮಾಷ್ಟ್ರ ನುಡಿ ಫೈಲನ್ನು ಒಂದು ಪರಿವರ್ತಕಕ್ಕೆ ಕೊಟ್ಟು ಯುನಿಕೋಡ್ ಮಾಡಿ, ಸ್ಪ್ರೆಡ್‌ಶೀಟಿಗೆ ಹಾಕಿ, ಅಲ್ಲಿಂದ ಸಿಎಸ್‌ವಿ ಎಂಬ ಸರಳ ಪಠ್ಯದ ಫೈಲಾಗಿ ಉಳಿಸಿದೆವು. ಉಳಿಸುವಾಗ ಏನೋ ಒಂದು ಎಚ್ಚರಿಕೆ ಬಂತು. ಎಲ್ಲರ ಹಾಗೆ ನಾವೂ ಓದದೆ ಸರಿ ಒತ್ತಿದೆವು. ಸ್ಪ್ರೆಡ್‌ಶೀಟನ್ನು ಬೇರೆಯಾಗಿ ಉಳಿಸಲಿಲ್ಲ. ಕೆಲವು ವಾರ ಬಿಟ್ಟು ತೆರೆದರೆ ಪ್ರಶ್ನೆಚಿಹ್ನೆ. "ಪುಸ್ತಕ ಉಂಟು, ಮಾಷ್ಟ್ರ ಫೈಲೂ ಉಂಟು, ಇನ್ನೊಮ್ಮೆ ಮಾಡುವ" ಎಂದುಕೊಂಡೆವು. 2016ರಲ್ಲಿ ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು. ಮಾಷ್ಟ್ರ ಫೈಲು ಅದರೊಟ್ಟಿಗೆ ಹೋಯಿತು. 2018ರಲ್ಲಿ ಪುಸ್ತಕ. ಉಳಿದದ್ದು ಪೆನ್‌ಡ್ರೈವಿನಲ್ಲಿದ್ದ ಈ ಪ್ರಶ್ನೆಪತ್ರಿಕೆ ಒಂದೇ. ಆ ದಿನ ಸರಿ ಒತ್ತಿದ ಬೆರಳು ನಮ್ಮಲ್ಲಿ ಯಾರದ್ದು ಎಂದು ಇಲ್ಲಿ ಹೇಳುವುದಿಲ್ಲ. ನಾವು ಎಂದರೆ ಸಾಕು.

ಪ್ರಶ್ನೆಚಿಹ್ನೆ ಯಾಕೆ ಬರುತ್ತದೆ? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿಗೇ ಎನ್‌ಕೋಡಿಂಗ್ ಎಂದು ಹೆಸರು. ಹಳೆಯ ಪಾಶ್ಚಾತ್ಯ ಪಟ್ಟಿಗಳಲ್ಲಿ ಇದ್ದದ್ದು ಒಟ್ಟು 256 ಕೋಣೆ. ಅದರಲ್ಲಿ ಇಂಗ್ಲಿಷು, ಅಂಕೆಗಳು, ಯುರೋಪಿನ ಇತರ ಭಾಷೆಗಳ ಗೀಟು ಚುಕ್ಕಿಯ ಅಕ್ಷರಗಳು. ಕನ್ನಡಕ್ಕೆ ಜಾಗವೇ ಇಲ್ಲ. ಯುನಿಕೋಡಿನಲ್ಲಿ ಹಾಗಲ್ಲ, ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಕೋಣೆಗಳು ಉಂಟು. ನಮ್ಮ "ಕ" ಇರುವುದು 3221ರಲ್ಲಿ. ಯುನಿಕೋಡಿನ ಕನ್ನಡವನ್ನು ಆ 256 ಕೋಣೆಯ ಮನೆಗೆ ತಳ್ಳಿದರೆ, ಯಜಮಾನ ಒಂದೊಂದನ್ನೇ ನೋಡಿ, "ಇವನು ಯಾರೋ ನನಗೆ ಗೊತ್ತಿಲ್ಲ" ಎಂದು ಅವನ ಜಾಗದಲ್ಲಿ ಒಂದು ಪ್ರಶ್ನೆಚಿಹ್ನೆ ಕೂರಿಸುತ್ತಾನೆ. ಅಂಕೆಗಳು ಆ ಮನೆಯವರೇ ಆದ್ದರಿಂದ ತಾರೀಕುಗಳು ಉಳಿದವು. ಹೆಸರುಗಳು ಹೋದವು.

ಮೂಲದ ಸಂಖ್ಯೆ ಎಲ್ಲಿಯೂ ಇಲ್ಲ. 3221 ಇದ್ದ ಜಾಗದಲ್ಲಿಯೂ ಪ್ರಶ್ನೆಚಿಹ್ನೆ, 3240 ಇದ್ದ ಜಾಗದಲ್ಲಿಯೂ ಅದೇ ಪ್ರಶ್ನೆಚಿಹ್ನೆ. ಯಾವ ಜಾಣನೂ ಅದನ್ನು ಹಿಂದೆ ತರಲಾರ.

ಆದರೂ ಅಜ್ಜಿಯ ಮುಖ ನೋಡಿ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಗಣಿತದ ಟೀಚರಿಗೆ ಒಂದು ಯೋಚನೆ ಬಂತು. ಹೆಸರು ಹೋದರೂ ಲೆಕ್ಕ ಹೋಗಿಲ್ಲ. ಒಂದು ಸಂಕೇತಕ್ಕೆ ಒಂದು ಪ್ರಶ್ನೆಚಿಹ್ನೆ. ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕವಲ್ಲ ಇದು. "ಕನ್ನಡ" ಎಂಬ ಪದದಲ್ಲಿ ನಮಗೆ ಕಾಣುವುದು ಮೂರು ಅಕ್ಷರ, ಕಂಪ್ಯೂಟರಿಗೆ ಅದು ಐದು: ಕ, ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಡ. "ಕಮಲ" ಮೂರೇ. "ಲಕ್ಷ್ಮಿ" ಏಳು. ಅಜ್ಜಿಯ ಹೆಸರನ್ನು ಬಿಡಿಸಿ ಬರೆದರೆ ಆರು ಸಂಕೇತ, ನಡುವೆ ಒಂದು ಅನುಸ್ವಾರ.

ಸೇರಿದ ವರ್ಷ ಅಜ್ಜಿಗೆ ಖಚಿತವಿರಲಿಲ್ಲ. "ಕೇರಳ ಆಗಿ ಮೂರೋ ನಾಲ್ಕೋ ವರ್ಷ" ಎಂದರು. ಆ ಸುತ್ತಿನ ಮೂರು ವರ್ಷಗಳ ಸಾಲುಗಳಲ್ಲಿ ಆರು ಪ್ರಶ್ನೆಚಿಹ್ನೆ ಇರುವವನ್ನು ಬೇರೆ ಮಾಡಿದೆವು. ಒಂಬತ್ತು ಸಾಲು ಸಿಕ್ಕಿತು. ಒಂಬತ್ತು ಹುಟ್ಟಿದ ತಾರೀಕು. ಇವುಗಳಲ್ಲಿ ಯಾವುದು ಅಜ್ಜಿಯದ್ದು? ಅಜ್ಜಿ ತನ್ನ ಜತೆಗಾರರ ಹೆಸರನ್ನೆಲ್ಲ ನೆನಪು ಮಾಡಿ ಮಾಡಿ ಹೇಳಿದರು, ನಾವು ಎಣಿಸಿದೆವು. "ಕೃಷ್ಣ" ಎಂದರೂ ಐದು, "ದೇವಕಿ" ಎಂದರೂ ಐದು. ಹುಡುಗನೋ ಹುಡುಗಿಯೋ ಎಂಬುದೂ ತಿಳಿಯುವ ಹಾಗಿಲ್ಲ.

ನಮ್ಮ ಹೆಡ್‌ಮಾಷ್ಟ್ರು ಎಲ್ಲ ಕೇಳಿ, "ಪ್ರಶ್ನೆಚಿಹ್ನೆ ಎಣಿಸಿ ಸರ್ಟಿಫಿಕೇಟ್ ಕೊಡಲಿಕ್ಕೆ ಆಗುತ್ತದೆಯಾ? ಇನ್ನೊಬ್ಬರ ತಾರೀಕು ಇವರಿಗೆ ಕೊಟ್ಟ ಹಾಗೆ ಆದರೆ?" ಎಂದರು. ಅವರು ಹೇಳಿದ್ದು ಸರಿ. ಮೇಲಿಟ್ಟ ಪುಸ್ತಕದ ಹಾಳೆ ಬಿಡಿಸಿ ನೋಡುವ ಎಂದರೆ, ಒಂಬತ್ತು ಜಾಗದಲ್ಲಿ ಕೈ ಹಾಕಿದರೆ ಒಂಬತ್ತು ಹಾಳೆ ಪುಡಿಯಾಗುವ ಹೆದರಿಕೆ. "ಯಾವ ನಂಬ್ರ ಎಂದು ಗೊತ್ತಾದರೆ ಆ ಒಂದು ಹಾಳೆ ಬಿಡಿಸುವ" ಎಂದರು. ಅಜ್ಜಿ "ಆಗಲಿ ಮಕ್ಕಳೇ, ಸಿಕ್ಕಿದರೆ ಹೇಳಿ ಕಳಿಸಿ" ಎಂದು ಕೊಡೆ ಬಿಡಿಸಿಕೊಂಡು ಹೋದರು. ಆ ರಾತ್ರಿ ನಮ್ಮಲ್ಲಿ ಒಬ್ಬರಿಗೆ ನಿದ್ದೆ ಬರಲಿಲ್ಲ.

ಮರುದಿನ ಹಿರಿಯ ಮಾಷ್ಟ್ರ ಮನೆಗೆ ಹೋದೆವು. ಮಾಷ್ಟ್ರು ತೀರಿಕೊಂಡು ಕೆಲವು ವರ್ಷ ಆಗಿದೆ. ಅವರ ಮನೆಯವರು ಕಬ್ಬಿಣದ ಪೆಟ್ಟಿಗೆ ತೆಗೆದು ತೋರಿಸಿದರು. ಯಕ್ಷಗಾನದ ಕರಪತ್ರಗಳು, ಪರೀಕ್ಷೆಯ ಅಂಕಪಟ್ಟಿ, ಅವುಗಳ ಅಡಿಯಲ್ಲಿ ಒಂದು ಸಿ.ಡಿ. ಮೇಲೆ ಅವರದೇ ದುಂಡು ಅಕ್ಷರದಲ್ಲಿ: "ಶಾಲಾ ದಾಖಲೆ, 2006, ನುಡಿ." ಆ ಕೊನೆಯ ಪದ ಬರೆದದ್ದಕ್ಕೆ ನಾವು ಆಮೇಲೆ ಅವರಿಗೆ ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದೆವೋ ಲೆಕ್ಕವಿಲ್ಲ.

ಶಾಲೆಯ ಕಂಪ್ಯೂಟರುಗಳಲ್ಲಿ ಈಗ ಸಿ.ಡಿ. ಹಾಕುವ ಬಾಯಿ ಇಲ್ಲ. ಎಲ್ಲಿಂದಲೋ ಒಂದು ಹೊರಗಿನ ಡ್ರೈವ್ ತಂದು ಹಾಕಿದೆವು. ಪುಣ್ಯಕ್ಕೆ ಓದಿತು. ಫೈಲು ತೆರೆದ ಹುಡುಗ "ಇದೂ ಹಾಳಾಗಿದೆ" ಎಂದು ತಲೆಗೆ ಕೈ ಇಟ್ಟ. ಪರದೆಯ ತುಂಬ ಇಂಗ್ಲಿಷಿನ ಗೀಚು. ಕನ್ನಡ ಎಂದು ಬರೆದ ಜಾಗದಲ್ಲಿ ಒಂದು ದೊಡ್ಡ ಪಿ, ನೆತ್ತಿಯ ಮೇಲೆ ಓರೆ ಗೀಟಿರುವ ಒಂದು ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯು, ಪುನಃ ಅದೇ ಎ. ಪ್ರಶ್ನೆಚಿಹ್ನೆಯಾದರೂ ಚೊಕ್ಕವಾಗಿ ಕಾಣುತ್ತಿತ್ತು. ಇದು ಮಗು ಸ್ಲೇಟಿನ ಮೇಲೆ ಉಜ್ಜಿದ ಹಾಗೆ.

ನಮ್ಮಲ್ಲಿ ಹಳಬರಿಗೆ ಮಾತ್ರ ಖುಷಿಯೋ ಖುಷಿ. ಏಕೆಂದರೆ ಆ ಗೀಚು ಅವರಿಗೆ ಪರಿಚಯ. 2000ದ ದಶಕದಲ್ಲಿ ಕೇರಳದ ಶಾಲೆಗಳಿಗೆ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಲಿನಕ್ಸ್ ಬಂದಾಗ, ನಮ್ಮ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ನುಡಿಯಲ್ಲೋ ಬರಹದಲ್ಲೋ ಮಾಡಿದ ಪ್ರಶ್ನೆಪತ್ರಿಕೆ ಶಾಲೆಯಲ್ಲಿ ತೆರೆದರೆ ಹೀಗೆಯೇ ಕಾಣುತ್ತಿತ್ತು. ಯುನಿಕೋಡ್ ಎಲ್ಲ ಕಡೆ ಬರುವ ಮೊದಲು ನಮ್ಮವರು ಮಾಡಿದ ಉಪಾಯ ಅದು. 256 ಕೋಣೆಯ ಮನೆಯಲ್ಲಿ ಕನ್ನಡಕ್ಕೆ ಜಾಗ ಇಲ್ಲದಿದ್ದರೆ, ಇಂಗ್ಲಿಷಿನ ಕೋಣೆಗಳಿಗೇ ಕನ್ನಡದ ವೇಷ ಹಾಕುವುದು. ಪಿ ಇರುವ ಕೋಣೆಯಲ್ಲಿ ತಲೆಕಟ್ಟು ಇಲ್ಲದ ಕ, ಓರೆಗೀಟಿನ ಎ ಇರುವ ಕೋಣೆಯಲ್ಲಿ ತಲೆಕಟ್ಟು. ಮೇಲಿನ ಗೀಚಿನಲ್ಲಿ ಮೂರು ಸಲ ಬಂದ ಎ ಇದೆಯಲ್ಲ, ಅದು ಕ, ನ, ಡ ಮೂರರ ತಲೆಕಟ್ಟು. ಜರ್ಮನ್ ಅಕ್ಷರ ನಕಾರದ ಒತ್ತು. ವೇಷ ಕಟ್ಟುವ ಫಾಂಟು ಇದ್ದರೆ ಕನ್ನಡ, ಫಾಂಟು ಇಲ್ಲದಿದ್ದರೆ ವೇಷ ಕಳಚಿದ ಇಂಗ್ಲಿಷು. ಎರಡರಲ್ಲೂ ಒಳಗಿನ ಸಂಖ್ಯೆ ಒಂದೇ, ಅದಕ್ಕೆ ಒಂದಿಷ್ಟೂ ಪೆಟ್ಟಾಗಿಲ್ಲ.

ನಾವು ಈ ಬರಹದಲ್ಲಿ ಹೇಳಬೇಕೆಂದಿರುವುದು ಇದೊಂದೇ. ಗೀಚಾಗಿ ಕಂಡದ್ದು ಹಾಳಾದದ್ದಲ್ಲ, ಅದನ್ನು ತಪ್ಪು ಪಟ್ಟಿ ಹಿಡಿದು ಓದುತ್ತಿದ್ದೇವೆ ಅಷ್ಟೆ. ಸರಿಯಾದ ಪಟ್ಟಿ ಸಿಕ್ಕಿದರೆ ಹಿಂದೆ ಬರುತ್ತದೆ. ಪ್ರಶ್ನೆಚಿಹ್ನೆಯಾದದ್ದು ಮಾತ್ರ ನಿಜವಾಗಿ ಹೋದದ್ದು. ಗೀಚು ಕಂಡ ಕೂಡಲೇ ಅಳಿಸಿ ಬಿಸಾಡುವವರು ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿ ಇದ್ದಾರೋ! ಅವರಿಗೆ ಇದು ತಲುಪಬೇಕು.

ಈ ಸಲ ನಾವು ಅವಸರ ಮಾಡಲಿಲ್ಲ. ಮೊದಲು ಸಿ.ಡಿ.ಯ ಫೈಲನ್ನು ಮೂರು ಕಡೆ ನಕಲು ಮಾಡಿ, ಮೂಲವನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದೆವು. ಆಮೇಲೆ ಪರಿವರ್ತನೆ.

ಅಲ್ಲಿಯೂ ತಮಾಷೆಗಳು ಇದ್ದವು. ನುಡಿಯ ಫೈಲಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ. "ಸೂರ್ಯ" ಎಂಬುದರಲ್ಲಿ ರ್ ಮೊದಲು, ಯ ಆಮೇಲೆ. ಪರಿವರ್ತಕ ಈ ಅದಲು ಬದಲು ಮಾಡಬೇಕು. ಒಳ್ಳೆಯ ಪರಿವರ್ತಕಗಳು ಮಾಡುತ್ತವೆ. ಇನ್ನೊಂದು ಕಷ್ಟ ಮೂರು ಲಿಪಿಗಳದ್ದು. ಮಾಷ್ಟ್ರು ಮನೆಹೆಸರನ್ನು ಮಲಯಾಳದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅದೂ ಅದೇ 256 ಕೋಣೆಯಲ್ಲಿ ವೇಷ ಹಾಕಿದ್ದು, ವೇಷ ಮಾತ್ರ ಬೇರೆ. ಷರಾದ ಇಂಗ್ಲಿಷಿಗೆ ವೇಷವೇ ಇಲ್ಲ. ಸರಳ ಪಠ್ಯವಾಗಿ ಉಳಿಸಿದ ಕೂಡಲೇ ಯಾವುದಕ್ಕೆ ಯಾವ ಫಾಂಟು ಎಂಬ ಮಾಹಿತಿ ಹೋಗುತ್ತದೆ. ಆಮೇಲೆ ಮೂರೂ ಒಂದೇ ತರದ ಗೀಚು. ಒಮ್ಮೆ ಇಡೀ ಕಡತವನ್ನು ಒಟ್ಟಿಗೆ ಪರಿವರ್ತಿಸಿ ನೋಡಿದೆವು. ಮಲಯಾಳದ ಮನೆಹೆಸರು ಯಾವುದೋ ರಾಕ್ಷಸ ಕನ್ನಡವಾಯಿತು, ಇಂಗ್ಲಿಷು ಇನ್ನೂ ಕೆಟ್ಟದಾಯಿತು. ಹಾಗಾಗಿ ಫಾಂಟು ನೋಡಿಕೊಂಡು ಕಾಲಮುಗಳನ್ನು ಮೊದಲೇ ಬೇರೆ ಬೇರೆ ಮಾಡಿ, ಕನ್ನಡವನ್ನು ಕನ್ನಡದ ಪರಿವರ್ತಕಕ್ಕೆ, ಮಲಯಾಳವನ್ನು ಮಲಯಾಳದ ಪರಿವರ್ತಕಕ್ಕೆ ಕೊಟ್ಟು, ಇಂಗ್ಲಿಷನ್ನು ಮುಟ್ಟದೆ ಬಿಟ್ಟು, ಕ್ರಮಸಂಖ್ಯೆ ಹಿಡಿದು ಪುನಃ ಜೋಡಿಸಿದೆವು.

ಇನ್ನು ಡೇಟಾಬೇಸಿಗೆ ಹಾಕುವ ಕೆಲಸ. ಇಲ್ಲಿ ಮೂರು ಬಾಗಿಲು ಉಂಟು. ಫೈಲು ಒಂದು, ಫೈಲಿನಿಂದ ಡೇಟಾಬೇಸಿಗೆ ಹೋಗುವ ಸಂಪರ್ಕ ಒಂದು, ಒಳಗಿನ ಕೋಷ್ಟಕ ಒಂದು. ಮೂರು ಬಾಗಿಲಿನಲ್ಲಿಯೂ ಒಂದೇ ಪಟ್ಟಿ ಹಿಡಿದ ಕಾವಲುಗಾರ ಇರಬೇಕು. ನಾವು ಬಳಸುವ ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನಲ್ಲಿ 2018ರ 8.0 ಆವೃತ್ತಿ ಬರುವವರೆಗೆ, ನಾವಾಗಿ ಹೇಳದಿದ್ದರೆ ಕೋಷ್ಟಕ ಹುಟ್ಟುತ್ತಿದ್ದದ್ದು ಲ್ಯಾಟಿನ್-1 ಎಂಬ ಪಾಶ್ಚಾತ್ಯ ಪಟ್ಟಿಯಲ್ಲಿ. ಅಕಾರಾದಿ ಕ್ರಮವೂ ಸ್ವೀಡನ್ ದೇಶದ್ದು, ಅದನ್ನು ಮಾಡಿದವರ ಊರು ಅದು. ಕಾಸರಗೋಡಿನ ಮಕ್ಕಳನ್ನು ಸ್ವೀಡನ್ನಿನ ಹಾಜರಿ ಪುಸ್ತಕಕ್ಕೆ ಸೇರಿಸಿದ ಹಾಗೆ. ನಮ್ಮ ಹಳೆಯ ಕೋಷ್ಟಕವೂ ಅಂಥದ್ದೇ. ಮೊದಲ ಸಲ ಹಾಕಿದಾಗ ಸಂಪರ್ಕಕ್ಕೂ ಪಟ್ಟಿ ಹೇಳಿರಲಿಲ್ಲ. ಹೆಸರುಗಳೆಲ್ಲ ಇನ್ನೊಂದು ತರದ ಗೀಚಾದವು.

ಈ ಗೀಚಿನಲ್ಲಿ ಹುಡುಗ ಒಂದು ಚಂದದ ವಿಷಯ ಕಂಡುಹಿಡಿದ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಅದನ್ನು ಲ್ಯಾಟಿನ್-1 ಎಂದುಕೊಂಡು ಓದಿದರೆ ಒಂದು ಸಂಕೇತ ಮೂರು ತುಂಡಾಗುತ್ತದೆ. ಮೊದಲ ತುಂಡು ಯಾವಾಗಲೂ ಓರೆ ಗೀಟಿನ ಸಣ್ಣ ಎ. ಎರಡನೆಯದು ಕನ್ನಡವಾದರೆ ಮೇಲೆ ಬರೆದ ಸಣ್ಣ 2 ಅಥವಾ 3, ವರ್ಗ ಮತ್ತು ಘನಕ್ಕೆ ನಾವು ಬರೆಯುವ ಹಾಗೆ. ಮಲಯಾಳವಾದರೆ ಆ ಜಾಗದಲ್ಲಿ ಒಂದು ಓರೆ ಗೀಟು ಅಥವಾ ಮ್ಯೂ ಎಂಬ ಗ್ರೀಕ್ ಅಕ್ಷರ. ಅಂದರೆ ಗೀಚನ್ನು ನೋಡಿಯೇ ಇದು ಕನ್ನಡದ ಗೀಚೋ ಮಲಯಾಳದ ಗೀಚೋ ಎಂದು ಹೇಳಬಹುದು! ಯುನಿಕೋಡಿನಲ್ಲಿ ಕನ್ನಡದ ಕೊನೆಯ ಕೋಣೆ 3327, ಮಲಯಾಳದ ಮೊದಲ ಕೋಣೆ 3328. ನಮ್ಮ ಗಡಿಯ ಹಾಗೆಯೇ ನಡುವೆ ಬೇಲಿಯೂ ಇಲ್ಲ. ನಮ್ಮ ಕ 3221, ಅದಕ್ಕೆ 128 ಕೂಡಿಸಿದರೆ 3349, ಅದು ಮಲಯಾಳದ ಕ. ಗಣಿತದ ಟೀಚರ್ ಇದನ್ನು ಮಕ್ಕಳಿಗೂ ತೋರಿಸಿದರು. ಕನ್ನಡದ ಹೆಸರಿಗೆ 128 ಕೂಡಿಸಿ ಮಲಯಾಳದ ಕಾಲಂ ತುಂಬಿಸಬಹುದು ಎಂದು ಮಕ್ಕಳಿಗೆ ಸಂಭ್ರಮ. ಆದರೆ "ಅನಿಲ್" ಎಂಬಂಥ ಹೆಸರಿನಲ್ಲಿ ಲೆಕ್ಕ ತಪ್ಪುತ್ತದೆ. ಮಲಯಾಳದಲ್ಲಿ ಕೊನೆಯ ಲ್‌ಗೆ ಚಿಲ್ಲು ಎಂಬ ಬೇರೆ ಅಕ್ಷರ. ಆ ಚಿಲ್ಲುಗಳಿಗೆ ಯುನಿಕೋಡಿನಲ್ಲಿ ಸ್ವಂತ ಕೋಣೆ ಸಿಕ್ಕಿದ್ದು 2008ರಲ್ಲಿ. ಅದಕ್ಕಿಂತ ಮೊದಲಿನ ಫೈಲುಗಳಲ್ಲಿ ಮೂರು ಸಂಕೇತ ಸೇರಿ ಒಂದು ಚಿಲ್ಲು. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಎರಡೂ ಬೇರೆ.

ಕೋಷ್ಟಕವನ್ನೂ ಸಂಪರ್ಕವನ್ನೂ ಯುಟಿಎಫ್-8ಕ್ಕೆ ಬದಲಿಸಿ, ಹಳೆಯ ಸಾಲುಗಳನ್ನು ತೆಗೆದು, ಹೊಸದಾಗಿ ಹಾಕಿದೆವು. ಹೆಸರುಗಳು ಬಂದವು. ಆಹಾ, ಆ ಸಂತೋಷ ಹೇಳಿ ಪೂರೈಸದು. ಆದರೂ ಒಂದು ಕಡೆ "ಲಕ್ಷ್ಮೀನಾರ" ಎಂಬ ಹೆಸರು ಕಂಡಿತು. ಯಾರಪ್ಪ ಇದು ಎಂದು ನೋಡಿದರೆ ಲಕ್ಷ್ಮೀನಾರಾಯಣ! ಬೇರೆ ಒಂದು ನಮೂನೆಯ ಅಳತೆ ನೋಡಿ ನಾವು ಹೆಸರಿನ ಜಾಗವನ್ನು 30 ಬೈಟಿಗೆ ಕತ್ತರಿಸಿದ್ದೆವು. ಇಂಗ್ಲಿಷಿಗೆ ಅದು 30 ಅಕ್ಷರ, ಕನ್ನಡಕ್ಕೆ 10 ಸಂಕೇತ ಮಾತ್ರ. ಲಕ್ಷ್ಮೀನಾರಾಯಣನಿಗೆ ಬೇಕಾದದ್ದು 13, ಅಂದರೆ 39 ಬೈಟು. ನಾರಾಯಣ ನಾರಾಗಿದ್ದ. ಅದನ್ನೂ ಸರಿ ಮಾಡಿದೆವು.

ಕೊನೆಗೆ ಅಜ್ಜಿಯ ಹೆಸರು ಹುಡುಕಿದೆವು. ಸಿಗಲಿಲ್ಲ.

ಮೂರು ವರ್ಷದ ಸಾಲು ಹುಡುಕಿದೆವು, ಐದು ವರ್ಷ ಹುಡುಕಿದೆವು. ಇಲ್ಲ. ಆ ಒಂಬತ್ತು ಸಾಲಿನಲ್ಲಿಯೂ ಬೇರೆಯವರೇ. ಸರ್ಟಿಫಿಕೇಟ್ ಬರೆದಿದ್ದರೆ ಹೆಡ್‌ಮಾಷ್ಟ್ರು ಹೆದರಿದ ಹಾಗೆ ಯಾರದ್ದೋ ತಾರೀಕು ಕೊಡುತ್ತಿದ್ದೆವು ಎಂದು ಮೈ ಜುಂ ಎಂದಿತು. ಕೊನೆಗೆ ಕಂಪ್ಯೂಟರನ್ನು ನಂಬದೆ, ಕಣ್ಣಿನಲ್ಲಿ ಒಂದೊಂದೇ ಸಾಲು ಓದುತ್ತ ಹೋದೆವು. 1960ರ ಜೂನ್ ತಿಂಗಳಿನಲ್ಲಿ ಕಣ್ಣಿಗೆ ಬಿತ್ತು. ಹೆಸರು ಅಲ್ಲಿಯೇ ಉಂಟು! ಅನುಸ್ವಾರದ ಜಾಗದಲ್ಲಿ ಮಾತ್ರ ಮಾಷ್ಟ್ರು ಅಂಕೆಯ ಸೊನ್ನೆ ಒತ್ತಿದ್ದರು.

ನಾವು ಮಕ್ಕಳಿಗೆ ಅನುಸ್ವಾರವನ್ನು "ಸೊನ್ನೆ" ಎಂದೇ ಹೇಳಿಕೊಡುವವರು. ನುಡಿಯಲ್ಲಿ ಕನ್ನಡ ಅಂಕೆ ತೋರಿಸುವ ಫಾಂಟು ಹಾಕಿಕೊಂಡರೆ ಎರಡೂ ಒಂದೇ ತರ ದುಂಡಗೆ ಕಾಣುತ್ತದೆ. ರಾತ್ರಿಯ ಹೊತ್ತು, ದಣಿದ ಬೆರಳು. ಕಂಪ್ಯೂಟರಿಗೆ ಮಾತ್ರ ಅವೆರಡೂ ಅಜಗಜಾಂತರ.

ಆಗ ಗಣಿತದ ಟೀಚರಿಗೆ ಏನೋ ಹೊಳೆದು ಹಳೆಯ ಪ್ರಶ್ನೆಚಿಹ್ನೆಯ ಫೈಲನ್ನು ತೆಗೆದು ಅದೇ ಸಾಲು ನೋಡಿದರು. ಅಲ್ಲಿ ಇದ್ದದ್ದು "??0???". ಎರಡು ಪ್ರಶ್ನೆಚಿಹ್ನೆ, ಒಂದು ಸೊನ್ನೆ, ಮತ್ತೆ ಮೂರು. ಆ ದಿನ ನಾವು ಆರು ಪ್ರಶ್ನೆಚಿಹ್ನೆ ಹುಡುಕುತ್ತಿದ್ದೆವು, ಇದರಲ್ಲಿ ಐದೇ ಇದ್ದುದರಿಂದ ದಾಟಿ ಹೋಗಿದ್ದೆವು. ಸರಿಯಾಗಿ ಒತ್ತಿದ ಅಕ್ಷರಗಳೆಲ್ಲ ಅಳಿಸಿ ಹೋಗಿ, ಮಾಷ್ಟ್ರು ತಪ್ಪಿ ಒತ್ತಿದ ಆ ಒಂದು ಕೀಲಿ ಮಾತ್ರ ಅಷ್ಟು ವರ್ಷ ಉಳಿದುಕೊಂಡು, ಮೂರನೆಯ ಜಾಗದಲ್ಲಿ ಕೂತು ನಮ್ಮನ್ನೇ ನೋಡುತ್ತಿತ್ತು.

ಕ್ರಮಸಂಖ್ಯೆ ಸಿಕ್ಕಿತು. ಪುಸ್ತಕವನ್ನು ಅಟ್ಟದಿಂದ ಇಳಿಸಿ, ಹೆಡ್‌ಮಾಷ್ಟ್ರು ತಾವೇ ಕೂತು, ತೆಳ್ಳಗಿನ ಸ್ಟೀಲ್ ಸ್ಕೇಲು ತೂರಿಸಿ, ಅರ್ಧ ದಿನ ತೆಗೆದುಕೊಂಡು ಆ ಒಂದು ಹಾಳೆ ಬಿಡಿಸಿದರು. ಬಲಗಡೆ ಗೆದ್ದಲು ತಿಂದಿತ್ತು. ಎಡಗಡೆಯಲ್ಲಿ ನಂಬ್ರ, ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು ಇದ್ದವು. ನೀಲಿ ಮಸಿ ಮಸುಕಾಗಿತ್ತು, ಆದರೆ ಓದಲು ಬರುತ್ತಿತ್ತು. ಮಾಷ್ಟ್ರ ಫೈಲಿನ ತಾರೀಕಿಗೂ ಅದಕ್ಕೂ ತಾಳೆಯಾಯಿತು. ದಾಖಲೆ ಕೊಟ್ಟದ್ದು ಆ ಹಾಳೆಯನ್ನು ನೋಡಿ, ಕಂಪ್ಯೂಟರನ್ನು ನೋಡಿ ಅಲ್ಲ. ಯಾವ ಹಾಳೆ ಎಂದು ತೋರಿಸಿದ್ದು ಮಾತ್ರ ಕಂಪ್ಯೂಟರ್.

ಅಜ್ಜಿ ಬಂದರು. ತಂದೆಯ ಹೆಸರಿನ ಮೇಲೆ, ಮುಟ್ಟದೆ, ಒಂದು ಬೆರಳು ಹಿಡಿದು ತುಂಬ ಹೊತ್ತು ನೋಡಿದರು. ಸೊನ್ನೆಯ ಕತೆ ಹೇಳಿದಾಗ ಗಟ್ಟಿಯಾಗಿ ನಕ್ಕರು. "ಲೆಕ್ಕದಲ್ಲಿ ನನಗೆ ಯಾವಾಗಲೂ ಸೊನ್ನೆಯೇ ಸಿಕ್ಕುತ್ತಿದ್ದದ್ದು ಮಾಷ್ಟ್ರೇ. ಈಗ ಅದೇ ಕೈ ಹಿಡಿಯಿತು ನೋಡಿ" ಎಂದರು.

ಇಷ್ಟೆಲ್ಲ ಉದ್ದ ಬರೆದದ್ದು ನಮ್ಮ ಸಾಹಸ ಹೇಳಿಕೊಳ್ಳಲಿಕ್ಕಲ್ಲ. ಇದು ನಮ್ಮೊಂದು ಶಾಲೆಯ ಕತೆ ಆಗಿರಲಾರದು. ಗಡಿಯಾಚೆ ಎಲ್ಲೆಲ್ಲಿ ಕನ್ನಡ ಶಾಲೆ ಉಂಟೋ, ತಾಳವಾಡಿಯಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ಆದವಾನಿಯಲ್ಲಿರಲಿ, ಅಲ್ಲಿ ಒಂದೇ ಸಾಲಿನಲ್ಲಿ ಎರಡು ಮೂರು ಲಿಪಿ ಇದ್ದೇ ಇರುತ್ತದೆ. ಕನ್ನಡದ ಹೆಸರು ಬೇರೆಯವರ ಪಟ್ಟಿಯೊಳಗೆ ಹೋಗಿ ಬರಬೇಕಾದದ್ದು ನಮ್ಮ ದಿನನಿತ್ಯದ ಕೆಲಸ. ಆದ್ದರಿಂದ ನಮ್ಮಿಂದ ನಾಲ್ಕು ಮಾತು.

ಗೀಚು ಕಂಡರೆ ಅಳಿಸಬೇಡಿ. ಮೂಲ ಫೈಲಿನ ಮೇಲೆ ಕೆಲಸ ಮಾಡಬೇಡಿ, ನಕಲಿನ ಮೇಲೆ ಮಾಡಿ. ಫೈಲಿನ ಹೆಸರಿನಲ್ಲೇ ನುಡಿಯೋ, ಬರಹವೋ, ಯುನಿಕೋಡೋ ಎಂದು ಬರೆದಿಡಿ. ನಮ್ಮ ಮಾಷ್ಟ್ರು ಬರೆದ ಆ ಒಂದು ಪದವೇ ನಮ್ಮನ್ನು ಬದುಕಿಸಿದ್ದು. ಡೇಟಾಬೇಸಿಗೆ ಸಾವಿರ ಹೆಸರು ಹಾಕುವ ಮೊದಲು ಹತ್ತು ಹೆಸರು ಹಾಕಿ, ಹೊರಗೆ ತೆಗೆದು, ಕಣ್ಣಿನಲ್ಲಿ ಓದಿ. ಆ ಹತ್ತರಲ್ಲಿ ಅನುಸ್ವಾರ, ಅರ್ಕಾವತ್ತು, ಒತ್ತಕ್ಷರ ಇರುವ ಒಂದೊಂದು ಹೆಸರು ಇರಲಿ, ಲಕ್ಷ್ಮೀನಾರಾಯಣನೂ ಇರಲಿ. ಪ್ರಶ್ನೆಚಿಹ್ನೆ ಒಂದಾದರೂ ಕಂಡರೆ ಅಲ್ಲಿಯೇ ನಿಲ್ಲಿಸಿ.

ನಿಮ್ಮ ಶಾಲೆಯ ನಿವೃತ್ತ ಮಾಷ್ಟ್ರು ಟೀಚರುಗಳ ಮನೆಗೆ ಈ ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ. ಪೆಟ್ಟಿಗೆಯ ಅಡಿಯಲ್ಲಿ ಒಂದು ಸಿ.ಡಿ. ಇದ್ದರೂ ಇರಬಹುದು. ನಮ್ಮ ಫೈಲಿನಲ್ಲಿ ಇನ್ನೂ ಒಂದು ಪುಸ್ತಕದ ಹೆಸರುಗಳು ಪ್ರಶ್ನೆಚಿಹ್ನೆಯಾಗಿಯೇ ಉಳಿದಿವೆ. ಅದು ಮಾಷ್ಟ್ರ ಸಿ.ಡಿ.ಯಲ್ಲಿಯೂ ಇರಲಿಲ್ಲ. ಅದರ ಮಕ್ಕಳು ಯಾರಾದರೂ ಕೊಡೆ ಹಿಡಿದು ಬಂದರೆ ಏನು ಹೇಳುವುದೆಂದು ನಮಗೆ ಇನ್ನೂ ಗೊತ್ತಿಲ್ಲ.